ನೆಲದೊಳಗಿನ ಕರೆಂಟು

ನಮ್ಮ ಮನೆಗೆ ಕರೆಂಟು ಬಂದಾಗ ಗೋಡೆಯ ಪಕ್ಕ ಒಂದು ಗುಂಡಿ ತೋಡಿದರು. ಅದಕ್ಕೆ ಉಪ್ಪು, ಇದ್ದಿಲು ತುಂಬಿದರು. ಅದೇ ಅರ್ಥಿಂಗ್ ಗುಂಡಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತೇವೆ. ಯಾಕೆ? ಒದ್ದೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಒಣ ಕಲ್ಲಿನಲ್ಲಿ ಹರಿಯೋದು ಕಷ್ಟ.

ಭೂಮಿಯ ಆಳದಲ್ಲೂ ಹೀಗೇ. ನೀರು ಇಳಿದಿರುವ ಕಲ್ಲು, ಕರಗಿದ ಕಲ್ಲು ಕರೆಂಟಿಗೆ ದಾರಿ ಬಿಡುತ್ತವೆ. ಗಟ್ಟಿ ಬಂಡೆ ತಡೆಯುತ್ತದೆ. ಎಲ್ಲಿ ಏನಿದೆ ಎಂದು ಅಗೆದು ನೋಡೋಕೆ ಆಗತ್ತಾ? ರಷ್ಯಾ ದೇಶದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದರು. ಸುಮಾರು 12 ಕಿಲೋಮೀಟರ್ ಮಾತ್ರ ಇಳಿದರು. ಹಾಗಾದರೆ ಬೇರೆ ದಾರಿ ಏನು?

ಸೈಕಲ್ಲಿನ ಡೈನಮೋ ನೋಡಿದ್ದೀರಲ್ಲ? ಒಳಗೆ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ದೀಪ ಉರಿಯುತ್ತದೆ. ನಮ್ಮ ಭೂಮಿಯೂ ಒಂದು ದೊಡ್ಡ ಅಯಸ್ಕಾಂತ. ಸೂರ್ಯನ ದೆಸೆಯಿಂದ ಅದರ ಶಕ್ತಿ ದಿನವೂ ತುಸು ಏರುತ್ತದೆ, ಇಳಿಯುತ್ತದೆ. ಆಗ ನೆಲದೊಳಗೂ ಸಣ್ಣ ಕರೆಂಟು ಹುಟ್ಟುತ್ತದೆ. ನೆಲದ ಮೇಲೆ ಇಟ್ಟ ಯಂತ್ರ ಇದನ್ನು ಅಳೆಯುತ್ತದೆ. ಬೇಗ ಬೇಗ ಆಗುವ ಏರಿಳಿತ ಮೇಲಿನ ಪದರದ ಸುದ್ದಿ ಹೇಳುತ್ತದೆ. ನಿಧಾನದ ಏರಿಳಿತ ಆಳದ ಸುದ್ದಿ ಹೇಳುತ್ತದೆ.

ವಿಜ್ಞಾನಿಗಳು ನೆಲದೊಳಗೆ ಹೀಗಿರಬಹುದು ಎಂದು ಒಂದು ಚಿತ್ರ ಊಹಿಸುತ್ತಾರೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಲೆಕ್ಕ ಯಂತ್ರದ ಅಳತೆಗೆ ಹೊಂದದಿದ್ದರೆ ಚಿತ್ರ ತಿದ್ದುತ್ತಾರೆ. ಸಾರಿನ ರುಚಿ ನೋಡಿ ನಾವು ಉಪ್ಪು, ಹುಳಿ ಸರಿ ಮಾಡ್ತೀವಲ್ಲ, ಹಾಗೆ.

ಇದರಿಂದ ಏನು ಉಪಯೋಗ? ನಡೆದ ಸಂಗತಿ ಕೇಳಿ.

ಕೆನಡಾ ದೇಶದಲ್ಲಿ ಕ್ವಿಬೆಕ್ ಎಂಬ ಪ್ರಾಂತ್ಯವಿದೆ. 1989ರ ಮಾರ್ಚ್ 13ರಂದು ಸೂರ್ಯನಿಂದ ಎದ್ದ ಬಿರುಗಾಳಿ ಭೂಮಿಯ ಅಯಸ್ಕಾಂತ ಶಕ್ತಿಯನ್ನು ಜೋರಾಗಿ ಅಲುಗಿಸಿತು. ನೆಲದಲ್ಲಿ ಕರೆಂಟು ಹುಟ್ಟಿತು. ಅಲ್ಲಿ ಕೆಳಗಿರುವುದು ಹಳೆಯ ಗಟ್ಟಿ ಬಂಡೆ. ಬಂಡೆ ದಾರಿ ಬಿಡಲಿಲ್ಲ. ಕರೆಂಟು ದೊಡ್ಡ ವಿದ್ಯುತ್ ತಂತಿಗಳಿಗೆ ನುಗ್ಗಿತು. ಎರಡು ನಿಮಿಷವೂ ಆಗಲಿಲ್ಲ, ಪ್ರಾಂತ್ಯವೆಲ್ಲ ಕತ್ತಲೆ! ಸುಮಾರು 60 ಲಕ್ಷ ಜನ ಚಳಿಯಲ್ಲಿ 9 ಗಂಟೆ ಕರೆಂಟಿಲ್ಲದೆ ಕಳೆದರು.

ನೆಲದೊಳಗಿನ ಚಿತ್ರ ಗೊತ್ತಿದ್ದರೆ ಯಾವ ಊರಿನ ತಂತಿಗೆ ಅಪಾಯ ಎಂದು ಮೊದಲೇ ತಿಳಿಯಬಹುದು. ತಯಾರಾಗಬಹುದು. ನಮ್ಮ ದೇಶದಲ್ಲೂ ಈ ಅಳತೆಯ ಕೆಲಸ ನಡೆಯುತ್ತಿದೆ. ಮಹಾರಾಷ್ಟ್ರದ ಅಲಿಬಾಗ್‌ನಲ್ಲಿ 1904ರಿಂದ ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅಳೆಯುತ್ತಿದ್ದಾರೆ.

ದೊಡ್ಡ ಚಿತ್ರ ವಿಜ್ಞಾನಿಗಳು ಬರೆಯಲಿ. ನಮ್ಮ ಮನೆಯ ಗುಂಡಿ ನಾವು ನೋಡೋಣ. ಅದು ಒಣಗಿದರೆ ಕರೆಂಟಿಗೆ ದಾರಿ ಸಿಗಲ್ಲ. ಶಾಕ್ ಹೊಡೆಯುವ ಅಪಾಯ ಹೆಚ್ಚು. ಬನ್ನಿ, ಇವತ್ತೇ ಎರಡು ಕೊಡ ನೀರು ಹಾಕೋಣ.