ಹಡಗು ಮತ್ತೆ ಬಂದಾಗ ದಡದಲ್ಲಿ ಯಾರು ನಿಂತಿದ್ದರು?

1988ರ ಫೆಬ್ರವರಿ 3. ದಕ್ಷಿಣ ಆಫ್ರಿಕದ ಮೊಸೆಲ್ ಬೇ ಎಂಬ ಊರಿನ ಕಡಲ ತೀರಕ್ಕೆ ಒಂದು ಮರದ ಹಾಯಿ ಹಡಗು ಬಂತು. ಲಿಸ್ಬನ್‌ನಿಂದ ಹೊರಟು ಮೂರು ತಿಂಗಳಾಗಿತ್ತು. 500 ವರ್ಷಗಳ ಹಿಂದೆ ಅದೇ ದಿನ ಅಲ್ಲಿ ಲಂಗರು ಹಾಕಿದ್ದ ಪೋರ್ಚುಗೀಸ್ ನಾವಿಕ ಬಾರ್ತೊಲೊಮಿಯು ಡಯಾಸನ ಹಡಗಿನ ತದ್ರೂಪು ಅದು. ಸಂಭ್ರಮಕ್ಕೆ ಕಡಿಮೆಯೇನೂ ಇರಲಿಲ್ಲ. ಒಂದೇ ತೊಂದರೆ. ಡಯಾಸನನ್ನು ಅಂದು ಎದುರುಗೊಂಡವರು ಅಲ್ಲಿನ ಖೋಯ್‌ಖೋಯ್ ಜನ. ಈಗ ಅವರ ಪಾತ್ರ ಮಾಡುವವರೇ ಇಲ್ಲ! ವರ್ಣಭೇದದ ಆ ಕಾಲದಲ್ಲಿ ಆ ಬೀಚು ಬಿಳಿಯರಿಗೆ ಮಾತ್ರ ಮೀಸಲು. ಸ್ಥಳೀಯ ಜನ ಹಬ್ಬವನ್ನೇ ಬಹಿಷ್ಕರಿಸಿದರು. ಕೊನೆಗೆ ಕೆಲವು ಬಿಳಿಯರೇ ಗುಂಗುರು ಕೂದಲಿನ ಟೋಪನ್, ಕಪ್ಪು ಮುಖವಾಡ ಹಾಕಿಕೊಂಡು ದಡದಲ್ಲಿ ನಿಂತರು.

ದೂರದ ಊರಿನ ಈ ನಾಟಕ ನಮಗ್ಯಾಕೆ ಅಂತ ಕೇಳಬಹುದು. ಡಯಾಸ್ ತೋರಿಸಿದ ಆ ದಾರಿಯಲ್ಲೇ ಹತ್ತು ವರ್ಷದ ನಂತರ, 1498ರ ಮೇ ತಿಂಗಳಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದವನು’ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಆಫ್ರಿಕದ ಮಾಲಿಂದಿಯಿಂದ ಈಚೆಗೆ ಅವನಿಗೆ ದಾರಿ ತೋರಿಸಿದ್ದು ಅಲ್ಲಿನ ದೊರೆ ಕೊಟ್ಟ ಒಬ್ಬ ಮಾಲ್ಮಿ. ಅರಬರಿಗೂ ಗುಜರಾತಿಗಳಿಗೂ ನಮ್ಮ ಕರಾವಳಿಯವರಿಗೂ ಆ ದಾರಿ ಮನೆಯಂಗಳದಷ್ಟು ಪರಿಚಿತ. ಮುಂಗಾರಿನ ಗಾಳಿ ನೋಡಿ ಹಾಯಿ ಬಿಚ್ಚುವ ವಿದ್ಯೆ ಗಾಮ ಹುಟ್ಟುವ ಮೊದಲೇ ಇತ್ತು.

1998ರಲ್ಲಿ ಇದರ 500ನೇ ವರ್ಷ ಬಂತು. ಲಿಸ್ಬನ್‌ನಲ್ಲಿ ಸಾಗರಗಳ ಹೆಸರಿನಲ್ಲಿ ದೊಡ್ಡ ವಿಶ್ವಮೇಳ ನಡೆಯಿತು, ಗಾಮನ ಹೆಸರಿನ ಉದ್ದನೆಯ ಸೇತುವೆ ತೆರೆಯಿತು. ಕೇರಳದಲ್ಲಿ ಮಾತ್ರ ಪ್ರತಿಭಟನೆ ಎದ್ದಿತು. ಇದು ಆಚರಿಸುವ ದಿನವಲ್ಲ ಅಂದರು. ಯಾಕೆ ಹಾಗಂದರು ಎಂಬುದು ತಿಳಿಯಬೇಕಾದರೆ 1502ಕ್ಕೆ ಹೋಗಬೇಕು.

ಗಾಮನ ಎರಡನೇ ಪ್ರಯಾಣ ಅದು. ಈ ಸಲ ವ್ಯಾಪಾರಕ್ಕಿಂತ ತೋಪು ಜಾಸ್ತಿ. ನಮ್ಮ ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ್ದೂ ಇದೇ ಪ್ರಯಾಣದಲ್ಲಿ. ಮುಂದೆ ಕಣ್ಣೂರಿನ ಹತ್ತಿರದ ಕಡಲಲ್ಲಿ ಅವನ ಪಡೆ ಹೊಂಚುಹಾಕಿ ನಿಂತಿತು. ಮಕ್ಕಾದಿಂದ ಹಿಂದಿರುಗುತ್ತಿದ್ದ ‘ಮೀರಿ’ ಎಂಬ ದೊಡ್ಡ ಹಡಗು ಅವರ ಕೈಗೆ ಸಿಕ್ಕಿತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಹಜ್ಜ್ ಮುಗಿಸಿದವರು, ವರ್ತಕರು, ಹೆಂಗಸರು, ಮಕ್ಕಳು. ಕಲ್ಲಿಕೋಟೆಯ ಭಾರೀ ವರ್ತಕ ಜೌಹರ್ ಅಲ್ ಫಖೀಹ್ ಕೂಡ ಇದ್ದ. ಜೀವ ಉಳಿಸಿದರೆ ಎಷ್ಟು ಬೇಕಾದರೂ ಕೊಡುತ್ತೇವೆ ಅಂದ. ಗಾಮ ಒಪ್ಪಲಿಲ್ಲ. ಸರಕು ಇಳಿಸಿಕೊಂಡು ಹಡಗಿಗೆ ಬೆಂಕಿ ಇಡಿಸಿದ. ಒಳಗಿದ್ದವರು ಬೆಂಕಿ ಆರಿಸಿದರು, ಕೈಗೆ ಸಿಕ್ಕಿದ್ದರಲ್ಲಿ ಹೋರಾಡಿದರು. ತಾಯಂದಿರು ಒಡವೆ ಬಿಚ್ಚಿ ತೋರಿಸಿದರು, ಕೂಸುಗಳನ್ನು ಎತ್ತಿ ಹಿಡಿದು ಕರುಣೆ ಬೇಡಿದರು. ದಿನಗಟ್ಟಲೆ ನಡೆದ ಮೇಲೆ ಹಡಗು ಸುಟ್ಟು ಮುಳುಗಿತು. ಸುಮಾರು 20 ಮಕ್ಕಳನ್ನು ಮಾತ್ರ ಎತ್ತಿಕೊಂಡು ಹೋಗಿ ಮತಾಂತರ ಮಾಡಿದರು. ಇದನ್ನು ಬರೆದಿಟ್ಟವನು ನಮ್ಮವನಲ್ಲ, ಅದೇ ನೌಕಾಪಡೆಯಲ್ಲಿದ್ದ ಗುಮಾಸ್ತ ತೊಮೆ ಲೋಪೆಸ್. ಕಂಡದ್ದನ್ನು ಅವನಿಗೂ ಮರೆಯಲಾಗಲಿಲ್ಲ.

ಊರು ಕಾಣುವಷ್ಟು ಹತ್ತಿರ ಬಂದಿದ್ದ ಹಾಜಿಗಳು ಅವರು.

ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಂ ಅರಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ ಪೋರ್ಚುಗೀಸರ ಇಂಥ ಹಾವಳಿಗಳ ದಾಖಲೆ. ಆ ಗ್ರಂಥವನ್ನು ಅವರು ಅರ್ಪಿಸಿದ್ದು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಉಳ್ಳಾಲದಲ್ಲಿ ಅಬ್ಬಕ್ಕ ಉತ್ಸವ ನಡೆಯುತ್ತದೆ, ರಾಣಿಯ ಜೊತೆ ಮೊಗವೀರರೂ ಬ್ಯಾರಿಗಳೂ ಕಾದಿದ ಕತೆ ವೇದಿಕೆಯಲ್ಲಿ ಕೇಳುತ್ತದೆ. ಸಂತೋಷ. ಮೀರಿಯ ಹೆಸರು ಮಾತ್ರ ನಾವು ಯಾವ ವೇದಿಕೆಯಲ್ಲೂ ಕೇಳಿಲ್ಲ. ಹಾಜಿಗಳನ್ನು ಬೀಳ್ಕೊಡುವ ನಮ್ಮ ಮನೆಗಳಲ್ಲೂ ಕೇಳಿಲ್ಲ.

ತದ್ರೂಪು ಹಡಗು ಕಟ್ಟುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. 2019ರಲ್ಲಿ ನ್ಯೂಜಿಲೆಂಡ್ ಕ್ಯಾಪ್ಟನ್ ಕುಕ್ ಬಂದ 250ನೇ ವರ್ಷ ಆಚರಿಸಿತು. ಕುಕ್‌ನ ‘ಎಂಡೆವರ್’ ತದ್ರೂಪಿನ ಜೊತೆ ಮಾವೋರಿಗಳ, ತಹಿತಿಯವರ ಸಾಂಪ್ರದಾಯಿಕ ದೋಣಿಗಳೂ ಸಾಗಿದವು. ಮಂಗೊನುಯಿ ಎಂಬಲ್ಲಿ ಮಾವೋರಿಗಳು ಒಪ್ಪದಿದ್ದಾಗ ಹಡಗಿನ ಭೇಟಿ ರದ್ದಾಯಿತು. 1769ರಲ್ಲಿ ಕುಕ್‌ನ ಜನರ ಗುಂಡಿಗೆ ಸತ್ತವರ ಬಗ್ಗೆ ಬ್ರಿಟಿಷ್ ಹೈಕಮಿಷನರ್ ಅವರ ಊರಿಗೇ ಹೋಗಿ ವಿಷಾದ ಹೇಳಿದರು. ಕ್ಷಮೆ ಅಂತ ಬಾಯಿಬಿಟ್ಟು ಹೇಳಲಿಲ್ಲ ಎಂಬ ತಕರಾರು ಉಳಿಯಿತು. ಆದರೂ ಮುಖವಾಡಕ್ಕಿಂತ ಎಷ್ಟೋ ವಾಸಿ.

ಗಾಮನಿಗಿಂತ ಹಳೆಯ ಹಡಗುಗಳೂ ಮತ್ತೆ ಕಡಲಿಗೆ ಇಳಿದಿವೆ. ಮಸ್ಕತ್‌ನಲ್ಲಿ ದುಡಿಯುವ ನಮ್ಮವರು ಅಲ್ ಬುಸ್ತಾನ್ ಪ್ಯಾಲೇಸ್ ಹೋಟೆಲ್ ಹತ್ತಿರದ ವೃತ್ತದಲ್ಲಿ ‘ಸೊಹಾರ್’ ಎಂಬ ಹಡಗು ನೋಡಿರುತ್ತಾರೆ. 1980ರಲ್ಲಿ ಮಸ್ಕತ್‌ನಿಂದ ಹೊರಟು ಮರುವರ್ಷ ಚೀನಾ ತಲುಪಿದ ಹಡಗು ಅದು. ಮರ ನಮ್ಮ ಪಕ್ಕದ ಮಲಬಾರಿನದು, ಹೊಲಿಗೆ ತೆಂಗಿನ ಹುರಿಯದು, ಹುರಿ ಬಿಗಿದ ಕೈಗಳಲ್ಲಿ ಲಕ್ಷದ್ವೀಪದವರೂ ಇದ್ದರು. ಮೊಳೆ ಹೊಡೆಯದೆ ಹಲಗೆ ಹೊಲಿಯುವ ಅದೇ ವಿದ್ಯೆಯ ‘ಕೌಂಡಿನ್ಯ’ ಹಡಗು 2025ರ ಮೇಯಲ್ಲಿ ಕಾರವಾರದಲ್ಲಿ ನೌಕಾಪಡೆ ಸೇರಿತು.

ಅಷ್ಟು ದೂರ ಹೋಗಲಾಗದವರು ಒಂದು ರಜಾದಿನ ಮಕ್ಕಳ ಕೈಹಿಡಿದು ಮಂಗಳೂರಿನ ಹಳೆ ಬಂದರಿಗೆ ಹೋಗಿ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಅಲ್ಲಿ ಸಿಗುತ್ತವೆ. ಅವು ತದ್ರೂಪಲ್ಲ. ಹತ್ತಿರ ನಿಲ್ಲಿಸಿ ಮೀರಿಯ ಕತೆ ಹೇಳಿ. ಮನೆಯಲ್ಲಿ ಮಂಜಿಯಲ್ಲಿ ದುಡಿದ ಅಜ್ಜ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಹಾಯಿಯ ಮಾತು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.