ಅಂಗೈ ಮೇಲಿನ ಪಲಟಣ, ಬಾವುಟದೊಳಗಿನ ಚರಿತ್ರೆ

ಯುದ್ಧವನ್ನು ಆಟವಾಗಿಸುವುದು ಸರಿಯೇ? ನನ್ನ ಹವ್ಯಾಸದ ಬಗ್ಗೆ ತಿಳಿದವರು ಮೊದಲು ಕೇಳುವುದು ಇದನ್ನೇ. ಕೇವಲ 28 ಮಿಲಿಮೀಟರ್ ಎತ್ತರದ ಲೋಹದ ಕಾಲಾಳುಗಳಿಗೆ ಬಣ್ಣ ಹಚ್ಚಿ, ಅವರನ್ನು ಪಲಟಣಗಳಾಗಿ ಜೋಡಿಸಿ, ದಾಳ ಮತ್ತು ಅಳತೆಪಟ್ಟಿಗಳ ನೆರವಿನಿಂದ ಹಳೆಯ ಕದನಗಳನ್ನು ಮೇಜಿನ ಮೇಲೆ ಮತ್ತೆ ಆಡುವ ಹವ್ಯಾಸವಿದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪ್ರಷ್ಯಾದ ಸೇನೆ ತನ್ನ ಅಧಿಕಾರಿಗಳ ತರಬೇತಿಗೆ ಇಂಥ ಆಟವನ್ನು ಬಳಸಿತು. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕದ ಮೂಲಕ ಅದನ್ನು ಮನೆಯಂಗಳಕ್ಕೆ ತಂದರು. ನಿಜವಾದ ಯುದ್ಧಕ್ಕಿಂತ ಬೊಂಬೆಗಳ ಯುದ್ಧವೇ ಲೇಸೆಂಬುದು ಅವರ ವಾದವಾಗಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ನಾನು ಆರಿಸಿಕೊಂಡ ಕದನ 1799ರ ಮೇ 4ರಂದು ಪತನವಾದ ಶ್ರೀರಂಗಪಟ್ಟಣದ್ದು. ಒಂದು ಪಲಟಣಕ್ಕೆ ಇಪ್ಪತ್ತನಾಲ್ಕು ಬೊಂಬೆಗಳು. ಅರದಿಂದ ಉಜ್ಜಿ, ಪ್ರೈಮರ್ ಬಳಿದು, ಸಣ್ಣ ಕುಂಚದಿಂದ ಕೋಟು, ಪಟ್ಟಿ, ಬಂದೂಕುಗಳಿಗೆ ಬಣ್ಣ ತುಂಬಲು ವಾರಗಳೇ ಬೇಕು. ಕೊನೆಗೆ ಉಳಿಯುವುದು ಬಾವುಟ. ಚರಿತ್ರೆಯ ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಯೇ.

ಅಂದಿನ ಬ್ರಿಟಿಷ್ ಪಲಟಣವೊಂದಕ್ಕೆ ಎರಡು ಧ್ವಜಗಳಿದ್ದವು. ಒಂದು ದೊರೆಯದು, ಇನ್ನೊಂದು ರೆಜಿಮೆಂಟಿನದು. 1768ರ ರಾಜಾಜ್ಞೆಯಂತೆ ಅದರ ಉದ್ದ ಆರೂವರೆ ಅಡಿ, ಅಗಲ ಆರಡಿ. ಬೊಂಬೆಯ ಅಳತೆಗೆ ಇಳಿಸಿದರೆ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಅದರಲ್ಲಿ ಇಂದಿನ ಯೂನಿಯನ್ ಜಾಕ್ ಬಿಡಿಸುವಂತಿಲ್ಲ. ಐರ್ಲೆಂಡಿನ ಕೆಂಪು ಓರೆಪಟ್ಟಿಗಳು ಅದಕ್ಕೆ ಸೇರಿದ್ದು 1801ರ ಜನವರಿ 1ರಂದು. ಶ್ರೀರಂಗಪಟ್ಟಣದ ಕೋಟೆಯನ್ನು ಏರಿದ ಧ್ವಜಗಳಲ್ಲಿ ಅವು ಇರಲಿಲ್ಲ. ರೆಜಿಮೆಂಟಿನ ಧ್ವಜಕ್ಕೆ ಅದರ ಕೊರಳಪಟ್ಟಿಯ ಬಣ್ಣವೇ ಆಧಾರ. 12ನೆಯ ರೆಜಿಮೆಂಟಿಗೆ ಹಳದಿ. ಆರ್ಥರ್ ವೆಲ್ಲೆಸ್ಲಿಯ 33ನೆಯ ರೆಜಿಮೆಂಟಿಗೆ ಕೆಂಪು ಕೊರಳಪಟ್ಟಿ ಇದ್ದುದರಿಂದ, ನಿಯಮದಂತೆ ಬಿಳಿಯ ಬಟ್ಟೆಯ ಮೇಲೆ ಕೆಂಪು ಶಿಲುಬೆ.

ಗೆದ್ದವರ ಗುಂಡಿ, ಕಸೂತಿಗಳಿಗೂ ದಾಖಲೆಯಿದೆ. ಸೋತವರ ಕಾಲಾಳು ಏನು ಧರಿಸಿದ್ದ? ಇಲ್ಲಿ ನನ್ನ ಕುಂಚ ತಡವರಿಸುತ್ತದೆ. ಟಿಪ್ಪುವಿನ ಸೈನಿಕರ ಹುಲಿಪಟ್ಟೆಯ ಅಂಗಿಯನ್ನು ನಾವು ಹೆಚ್ಚಾಗಿ ಕಂಡಿರುವುದು ಎದುರಾಳಿಗಳ ಬರಹ ಮತ್ತು ಚಿತ್ರಗಳಲ್ಲಿ. ಕಾರ್ನ್‌ವಾಲಿಸನ ಸೇನೆಯೊಂದಿಗೆ ಬಂದಿದ್ದ ಕಲಾವಿದ ರಾಬರ್ಟ್ ಹೋಮ್, ರಾಕೆಟನ್ನೇ ಧ್ವಜದಂಡವಾಗಿ ಹಿಡಿದ ಮೈಸೂರು ಸೈನಿಕನೊಬ್ಬನನ್ನು ಚಿತ್ರಿಸಿದ್ದಾನೆ. ಟಿಪ್ಪುವಿನ ಗ್ರಂಥಭಂಡಾರವಂತೂ ಪತನದ ಬಳಿಕ ಕಲ್ಕತ್ತಾ, ಲಂಡನ್‌ಗಳ ಪಾಲಾಯಿತು. ನಮ್ಮ ನೆಲದಲ್ಲೇ ಉಳಿದಿರುವ ಅಪರೂಪದ ಸಾಕ್ಷ್ಯವೆಂದರೆ ದರಿಯಾ ದೌಲತ್‌ನ ಗೋಡೆ. 1780ರ ಪೊಲ್ಲಿಲೂರು ಕದನದ ಆ ಚಿತ್ರದಲ್ಲಿ ಮೈಸೂರಿನ ಸೇನೆ ಸಾಲುಸಾಲಾಗಿ ನಿಂತಿದೆ, ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ. ಆದರೆ ಆ ಗೋಡೆಗೂ ನಂತರದ ದಿನಗಳಲ್ಲಿ ಮರುಬಣ್ಣ ಬಿದ್ದಿದೆ.

ಇನ್ನೂ ಕಸಿವಿಸಿ ತರುವ ಸಂಗತಿಯೊಂದಿದೆ. ‘ಇಂಗ್ಲಿಷರ ಸೇನೆ’ ಎಂದು ನಾವು ಕರೆಯುವ ದಂಡಿನಲ್ಲಿ ಯುರೋಪಿಯನ್ನರಿಗಿಂತ ಭಾರತೀಯರೇ ಹೆಚ್ಚಿದ್ದರು. ಮೇಲೆ ಇಂಗ್ಲಿಷರಂತೆ ಕೆಂಪು ಕೋಟು, ತಲೆಗೆ ರುಮಾಲು, ಕೆಳಗೆ ಮೊಣಕಾಲ ಮೇಲಿನ ಬಿಳಿ ಚಡ್ಡಿ, ಕಾಲಿಗೆ ಚಪ್ಪಲಿ: ಇದು ಮದ್ರಾಸ್ ಸಿಪಾಯಿಯ ಉಡುಪು. ಅವನಿಗೂ ಕೋಟೆಯೊಳಗಿನ ಮೈಸೂರು ಸೈನಿಕನಿಗೂ ನಾನು ಮುಖಕ್ಕೆ ಬಳಿಯುವ ಕಂದುಬಣ್ಣ ಒಂದೇ ಡಬ್ಬಿಯದು. ಇಂಥ ಕದನಗಳ ಹೆಸರುಗಳನ್ನು ರೆಜಿಮೆಂಟುಗಳು ಗೌರವವೆಂದು ಧ್ವಜದ ಮೇಲೆ ಧರಿಸಿದವು. ಈ ನೆಲವನ್ನು ಪರರಿಗೆ ಗೆದ್ದುಕೊಟ್ಟ ಯುದ್ಧಗಳ ಗೌರವ ಬೇಡವೆಂದು ಸ್ವತಂತ್ರ ಭಾರತದ ಸೇನೆ ತೀರ್ಮಾನಿಸಿದ್ದು ಉಚಿತವೇ ಆಗಿದೆ.

ಟಿಪ್ಪುವಿನ ಬಗೆಗಿನ ವಾಗ್ವಾದ ನಮ್ಮಲ್ಲಿ ವರ್ಷವರ್ಷವೂ ಮರುಕಳಿಸುತ್ತದೆ. ದೊರೆ ವೀರನೋ ಕ್ರೂರಿಯೋ ಎಂದು ಜಗಳವಾಡುವ ನಾವು, ಅವನ ಪರವಾಗಿಯೂ ವಿರುದ್ಧವಾಗಿಯೂ ಸತ್ತವರು ಯಾವ ಊರಿನವರು, ಏನು ಉಟ್ಟಿದ್ದರು, ಯಾವ ಬಾವುಟದ ಕೆಳಗೆ ಬಿದ್ದರು ಎಂದು ಕೇಳುವುದು ಕಡಿಮೆ. ಬೊಂಬೆಗೆ ಬಣ್ಣ ಹಚ್ಚುವವನಿಗೆ ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ದಾಳ ಉರುಳಿದಾಗ ಮೇಜಿನಿಂದ ತೆಗೆದಿಡುವ ಒಂದೊಂದು ಬೊಂಬೆಯೂ ಇಪ್ಪತ್ತು, ಮೂವತ್ತು ಜನರ ಲೆಕ್ಕ. ಪ್ರತಿಯೊಂದರ ಮುಖವನ್ನೂ ಬರೆದವನು ನಾನೇ. ಆಟ ಯುದ್ಧವನ್ನು ಹಗುರಗೊಳಿಸುತ್ತದೆ ಎನ್ನುವವರಿಗೆ ನಾನು ಕೊಡಬಲ್ಲ ಉತ್ತರ ಇಷ್ಟೇ.

ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋಗುವ ಶಾಲಾ ಮಕ್ಕಳನ್ನು ಟಿಪ್ಪು ಮಡಿದ ಜಾಗಕ್ಕೆ ಕರೆದೊಯ್ದು ತೋರಿಸುತ್ತಾರೆ. ದರಿಯಾ ದೌಲತ್‌ನ ಗೋಡೆಯ ಮುಂದೆಯೂ ಹತ್ತು ನಿಮಿಷ ಹೆಚ್ಚಿಗೆ ನಿಲ್ಲಿಸಿ, ಆನೆ ಏರಿದವರನ್ನು ಬಿಟ್ಟು ನಡೆದು ಬಂದವರನ್ನು ಎಣಿಸಲು ಶಿಕ್ಷಕರು ಹೇಳಲಿ.