ಕಾಲಿಡಲಾಗದ ದ್ವೀಪ

ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದಲ್ಲಿ, ಆಫ್ರಿಕದ ಕೇಪ್‌ಟೌನ್ ನಗರದಿಂದ ಸುಮಾರು 2,800 ಕಿಲೋಮೀಟರ್ ದೂರದಲ್ಲಿ ಟ್ರಿಸ್ಟನ್ ಡ ಕುನ್ಹಾ ಎಂಬ ಬ್ರಿಟಿಷ್ ದ್ವೀಪಸಮೂಹವಿದೆ. ಅದರಲ್ಲಿ ಒಂದು ದ್ವೀಪದ ಹೆಸರೇ 'ಇನ್‌ಆಕ್ಸೆಸಿಬಲ್', ಅಂದರೆ ಪ್ರವೇಶಿಸಲಾಗದ್ದು. ಆರಿಹೋದ ಜ್ವಾಲಾಮುಖಿಯ ಈ ಅವಶೇಷದ ವಿಸ್ತೀರ್ಣ ಸುಮಾರು 13 ಚದರ ಕಿಲೋಮೀಟರ್. ಸುತ್ತಲೂ ನೂರಾರು ಮೀಟರ್ ಎತ್ತರದ ಕಡಿದಾದ ಬಂಡೆಗಳು. ದೋಣಿ ತಂಗಲು ಯೋಗ್ಯವಾದ ತೀರ ಅತ್ಯಲ್ಪ.

1656ರಲ್ಲಿ ಡಚ್ ನಾವಿಕರು ಇದನ್ನು ಕಂಡರು. 1871ರಲ್ಲಿ ಜರ್ಮನಿಯ ಸ್ಟೋಲ್ಟೆನ್‌ಹಾಫ್ ಸಹೋದರರು ಸೀಲ್ ಬೇಟೆಯಿಂದ ಹಣ ಗಳಿಸುವ ಆಸೆ ಹೊತ್ತು ಇಲ್ಲಿಗೆ ಬಂದಿಳಿದರು. ಬೇಟೆ ಕೈಗೂಡಲಿಲ್ಲ. ಪ್ರಸ್ಥಭೂಮಿಯನ್ನೇರಲು ಆಸರೆಯಾಗಿದ್ದ ಹುಲ್ಲು ಬೆಂಕಿಗೆ ಆಹುತಿಯಾದ ಮೇಲೆ ಆಹಾರಕ್ಕೂ ಪರದಾಡಿದರು. 1873ರ ಅಕ್ಟೋಬರ್‌ನಲ್ಲಿ ಸಂಶೋಧನಾ ನೌಕೆ 'ಚಾಲೆಂಜರ್' ಅವರನ್ನು ಪಾರುಮಾಡಿತು.

ಮನುಷ್ಯನನ್ನು ಒಲ್ಲದ ಈ ನೆಲವು ಒಂದು ಪುಟ್ಟ ಹಕ್ಕಿಗೆ ತವರಾಗಿದೆ. 1923ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ 'ಇನ್‌ಆಕ್ಸೆಸಿಬಲ್ ರೈಲ್' ಜಗತ್ತಿನಲ್ಲಿ ಇಂದು ಬದುಕಿರುವ ಹಾರಲಾರದ ಹಕ್ಕಿಗಳಲ್ಲೆಲ್ಲ ಅತ್ಯಂತ ಚಿಕ್ಕದು. ತೂಕ ಸುಮಾರು 40 ಗ್ರಾಂ ಮಾತ್ರ. ಇದರ ಪೂರ್ವಜರು ಸುಮಾರು 15 ಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಿಂದ ಹಾರಿಬಂದವೆಂದು 2018ರ ವಂಶವಾಹಿ ಅಧ್ಯಯನವು ತಿಳಿಸಿತು. ನೆಲದ ಮೇಲೆ ಬೇಟೆಯಾಡುವ ಪ್ರಾಣಿಗಳೇ ಇಲ್ಲದುದರಿಂದ ರೆಕ್ಕೆಗಳ ಅಗತ್ಯವು ತಪ್ಪಿ, ಹಾರುವ ಶಕ್ತಿಯು ಕ್ರಮೇಣ ನಶಿಸಿತು. ಆದುದರಿಂದ ಒಂದೇ ಒಂದು ಹಡಗಿನಿಂದ ಇಲಿಗಳು ಇಳಿದರೂ ಸಾಕು, ಈ ಸಂತತಿಗೆ ಕುತ್ತು ಒದಗಬಹುದು.

ಇದು ಬರಿಯ ಊಹೆಯಲ್ಲ. ಹಿಂದೆ ಮನುಷ್ಯರು ಇಲ್ಲಿ ಬಿಟ್ಟ ಹಂದಿಗಳು ನೆಲದ ಬಿಲಗಳಲ್ಲಿ ಗೂಡುಕಟ್ಟುವ 'ಸ್ಪೆಕ್ಟಕಲ್ಡ್ ಪೆಟ್ರೆಲ್' ಎಂಬ ಕಡಲಹಕ್ಕಿಯನ್ನು ಬಹುತೇಕ ನಿರ್ನಾಮಗೊಳಿಸಿದ್ದವು. ಈ ಹಕ್ಕಿ ಮರಿಮಾಡುವುದು ಜಗತ್ತಿನಲ್ಲಿ ಇದೊಂದೇ ದ್ವೀಪದಲ್ಲಿ. ಹಂದಿಗಳು ಅಳಿದ ಬಳಿಕ ಅದರ ಸಂಖ್ಯೆ ಮತ್ತೆ ಸಾವಿರಾರಕ್ಕೆ ಏರಿದೆ.

2004ರಲ್ಲಿ ಯುನೆಸ್ಕೋ ಈ ದ್ವೀಪವನ್ನು ಗಾಫ್ ದ್ವೀಪದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಗೆ ಹೋಗಬಯಸುವವರು ಅನುಮತಿ ಪಡೆದು, ಟ್ರಿಸ್ಟನ್‌ನ ಮಾರ್ಗದರ್ಶಕರೊಡನೆಯೇ ಹೋಗಬೇಕು. ಒಂದು ಬೀಜವೂ ಜೊತೆಯಲ್ಲಿ ಬಾರದಂತೆ ಬಟ್ಟೆ, ಪಾದರಕ್ಷೆಗಳನ್ನು ಶುಚಿಗೊಳಿಸಿಕೊಳ್ಳಬೇಕು.

ಹೊಸ ನೆಲವನ್ನು ಕಂಡೊಡನೆ ಅದರಿಂದ ನಮಗೇನು ಲಾಭವೆಂದು ನಾವು ಕೇಳುತ್ತೇವೆ. ಈ ದ್ವೀಪವು ಕೇಳುವುದು ಬೇರೆ: ನಾವು ದೂರವಿದ್ದರೆ ಯಾರಿಗೆ ಬದುಕು? ಏನನ್ನೂ ಕಟ್ಟದೆ, ಏನನ್ನೂ ಕೊಂಡೊಯ್ಯದೆ, ಇದ್ದುದನ್ನು ಇದ್ದಂತೆಯೇ ಬಿಡುವುದೂ ರಕ್ಷಣೆಯೇ ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿಕೊಡೋಣ.